ಐನೂರರ ಕ್ಲಾಸಿಗೆ ಅಳಿಯ

ಮುಂಬಯಿ ಮಾಟುಂಗಾದ ಹೋಟೆಲು, ಮೂಲೆಯ ಟೇಬಲ್ಲು. ಮಾಲೀಕ ಶೆಟ್ರು, ಧಾರವಾಡದ ಜೋಶಿ ಮಾಸ್ತರು, ಕಾಲೇಜಿನ ಪರೀಕ್ಷಾ ವಿಭಾಗದ ಸುಮಕ್ಕ.

"ನಮ್ಮ ಅಳಿಯ ಬಿಎಸ್ಸಿ ಮೂರನೇ ವರ್ಷ ಮಾರಾಯ್ರೆ. ಎಮ್ಮೆಸ್ಸಿ ಪೇಪರು ಈಗಲೇ ಒಂದೆರಡು ಮುಗಿಸ್ತಾನಂತೆ. ಆಮೇಲೆ ಎಮ್ಮೆಸ್ಸಿ ಒಂದೇ ವರ್ಷದಲ್ಲಿ ಆಗ್ತದಲ್ಲ?" ಅಂದರು ಶೆಟ್ರು.

"ತಡೀರಿ. ಪೇಪರಿನ ನಂಬರ್ ಎಷ್ಟು?" ಅಂದರು ಮಾಸ್ತರು.

"ಐನೂರ ಚಿಲ್ಲರೆ."

"ನಂಬರ್ ನೋಡಿದ್ರ ಪೇಪರಿನ ಮಟ್ಟ ತಿಳೀತದ. ಯುಜಿಸಿ, ಅಂದ್ರ ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ಚೌಕಟ್ಟಿನಾಗ 300 ಅಂದ್ರ ಪದವಿಯ ಮ್ಯಾಲಿನ ಹಂತ, 400 ಅಂದ್ರ ನಾಲ್ಕನೇ ವರ್ಷದ ಆನರ್ಸ್ ಮಟ್ಟ, 500 ಅಂದ್ರ ಎರಡು ವರ್ಷದ ಎಮ್ಮೆಸ್ಸಿಯ ಮೊದಲ್ನೇ ವರ್ಷ. ನಿಮ್ಮ ಅಳಿಯಾ ಒಂದು ಮೆಟ್ಟಲಾ ಜಿಗದಾನ. ಐಐಟಿಯವರ ನಂಬರ್ ಬ್ಯಾರೆ, ಅದನ್ನ ಇದಕ್ಕ ಹಚ್ಚಬ್ಯಾಡ್ರಿ."

"ಜಿಗಿಯಲಿ ಬಿಡಿ," ಅಂದರು ಸುಮಕ್ಕ, "ಆದ್ರೆ ಕ್ಲಾಸಲ್ಲಿ ಹೋಗಿ ಕೂತರೆ ನೋಂದಣಿ ಆದ ಹಾಗಲ್ಲ. ಬಿಎಸ್ಸಿ ಲಾಗಿನ್‌ನಲ್ಲಿ ಎಮ್ಮೆಸ್ಸಿ ಕೋಡ್ ಎಷ್ಟೋ ಕಡೆ ಕಾಣೋದೇ ಇಲ್ಲ. ಹುಡುಗರು ‘ಸರ್ ಹೂಂ ಅಂದ್ರು’ ಅಂತ ಸೆಮಿಸ್ಟರ್ ಪೂರ್ತಿ ಕೂತಿರ್ತಾರೆ, ಹಾಲ್ ಟಿಕೆಟ್ಟಿನಲ್ಲಿ ಪೇಪರೇ ಇರೋದಿಲ್ಲ. ಆಮೇಲೆ ನನ್ನ ಕಿಟಕಿ ಮುಂದೆ ಅಳು. ಪಾಠ ಮಾಡೋವ್ರ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಎರಡೂ ಲಿಖಿತದಲ್ಲಿ ಬೇಕು. ಅದೂ ಕೋರ್ಸ್ ಸೇರಿಸೋ-ಬಿಡೋ ಗಡುವಿನೊಳಗೆ."

"ಸಹಿ ಕೊಡ್ತಾರಾ?"

"ಬರೀ ‘ಆಸಕ್ತಿ ಇದೆ ಸರ್’ ಅಂದ್ರೆ ಕೊಡೋದಿಲ್ಲ. ಅಂಕಪಟ್ಟಿ, ಆ ಪೇಪರಿಗೆ ಬೇಕಾದ ತಳಪಾಯದ ವಿಷಯ ಎಲ್ಲಿ, ಎಷ್ಟು ಓದಿದ್ದಾನೆ ಅನ್ನೋದು, ಎರಡೂ ಒಯ್ಯಲಿ."

"ಸರಿ, ಕೊಟ್ರು ಅಂತಿಟ್ಕೊಳ್ಳಿ. ಪೇಪರು ಪಾಸಾದ್ರೆ ಸಿಗುವ ಕ್ರೆಡಿಟ್ ಎರಡೂ ಕಡೆ ಲೆಕ್ಕಕ್ಕೆ ಬರ್ತದಲ್ಲ? ಬಿಎಸ್ಸಿಗೂ, ಎಮ್ಮೆಸ್ಸಿಗೂ?"

ಮಾಸ್ತರು ಲೋಟ ಕೆಳಗಿಟ್ಟರು. "ನಿಮ್ಮ ಊಟದ ಕೂಪನ್ ಒಂದಕ್ಕ ಎರಡು ಊಟಾ ಹಾಕ್ತೀರೇನು? ಹುಡುಗರ ಕ್ರೆಡಿಟ್ ಜಮಾ ಆಗೂ ಖಾತೆ, ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಾಗೂ ಹಂಗ. ಒಂದು ಪದವಿಗೆ ಬಳಸಿದ್ದು ಖಾತೆಯಿಂದ ಹೋತು. ಮೂರು ವರ್ಷದ ಬಿಎಸ್ಸಿಯ 120 ಕ್ರೆಡಿಟ್ಟಿನಾಗ ಎಣಿಸಿದ್ರ ಎಮ್ಮೆಸ್ಸಿಗೆ ಉಳಿಯೂದಿಲ್ಲ. ಹೆಚ್ಚುವರಿ ಅಂತ ಇಟ್ಟುಕೊಂಡ್ರೂ, ಮುಂದ ಸೇರೂ ವಿಶ್ವವಿದ್ಯಾಲಯ ಒಪ್ಪಬೇಕು. ಅದನ್ನ ಮೊದಲ ಕೇಳ್ರಿ, ಆಮ್ಯಾಲೆ ಫಾರ್ಮು."

"ಹಾಗಾದ್ರೆ ಒಂದು ವರ್ಷ ಉಳಿಸುವ ದಾರಿಯೇ ಇಲ್ವಾ?"

"ಅದ ಅಲಾ! ನಾಲ್ಕು ವರ್ಷದ ಆನರ್ಸ್, 160 ಕ್ರೆಡಿಟ್. ಆಮ್ಯಾಲೆ ಒಂದು ವರ್ಷದ ಎಮ್ಮೆಸ್ಸಿ."

"ಮೂರು ಪ್ಲಸ್ ಎರಡೂ ಐದು, ನಾಲ್ಕು ಪ್ಲಸ್ ಒಂದೂ ಐದು. ಉಳಿದದ್ದೇನು ಮಾರಾಯ್ರೆ?"

ಸುಮಕ್ಕನಿಗೆ ನಗು ತಡೆಯಲಾಗಲಿಲ್ಲ. "ವರ್ಷ ಉಳಿಯೋದಿಲ್ಲ, ಶೆಟ್ರೇ. ವಿಷಯ ನಿಜವಾಗ್ಲೂ ಹಿಡಿಸಿದ್ರೆ ತಗೊಳ್ಳಲಿ. ಅಂಕದ ಭಯ ಇದ್ರೆ, ಅಲ್ಲಿ ಅವಕಾಶ ಇದ್ರೆ, ಆಡಿಟ್ ಮಾಡಲಿ: ಪಾಠ ಕೇಳಬಹುದು, ಕ್ರೆಡಿಟ್ ಇಲ್ಲ, ಸರಾಸರಿಗೂ ಪೆಟ್ಟಿಲ್ಲ. ಕ್ರೆಡಿಟ್‌ಗೇ ತಗೊಂಡ್ರೆ ನಾಲ್ಕು ಕ್ರೆಡಿಟ್ಟಿನ ಪೇಪರಿಗೆ ವಾರಕ್ಕೆ ನಾಲ್ಕು ಗಂಟೆ, ಹದಿನೈದು ವಾರ. 60 ಗಂಟೆ ಬರೀ ಪಾಠ. ಲ್ಯಾಬ್ ಆದ್ರೆ ಒಂದು ಕ್ರೆಡಿಟ್ಟಿಗೆ ವಾರಕ್ಕೆ ಎರಡು ಗಂಟೆ. ಮನೇಲಿ ಓದೋದು ಬೇರೆ. ವೇಳಾಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ, ಅವನ ಬಿಎಸ್ಸಿ ಲ್ಯಾಬೂ ಇದೂ ಒಂದೇ ಹೊತ್ತಿಗೆ ಬಿದ್ರೆ ಹಾಜರಾತಿ ಎರಡು ಕಡೆಯೂ ಹೋಗ್ತದೆ."

ಶೆಟ್ರು ಬೆರಳು ಮಡಚಿ ಎಣಿಸಿದರು. "ಅಂದ್ರೆ ಶನಿವಾರ ಸಂಜೆ ಗಲ್ಲಾದಲ್ಲಿ ಕೂರುವುದು ಯಾರು?"

"ನೀವ," ಅಂದರು ಮಾಸ್ತರು. "ಹಂಗ ಒಂದು ಚಾ ಹೇಳ್ರಿ."