ಪದಚರ್ಚೆ: ಕಸುಬಿನವರ ಕೂಟಕ್ಕೆ ‘ಶ್ರೇಣಿ’ ಸರಿಯೇ, ‘ಬಳಗ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಗ್ರೀಕ್ ಸಮಾಧಿ ಶಾಸನಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪದ ನಾಲ್ಕು ದಿನದಿಂದ ಮುಂದಕ್ಕೆ ಬಿಡುತ್ತಿಲ್ಲ.

ಶಾಸನ ಗ್ರೀಸಿನ ಥೆಸಲೊನಿಕೆ ಊರಿನದು, ಸುಮಾರು ಕ್ರಿ.ಶ. 2ನೇ ಶತಮಾನದ್ದು. ಇಡೀ ಬರಹ ಇಷ್ಟೇ: “ಹದಿನೆಂಟನೆಯದರ ನೇರಳೆ ಬಣ್ಣ ಅದ್ದುವವರ ಸುನೇಥೆಯಾ, ಅಮಿಯಸನ ಮಗ, ಸೆವೇರಸ್ ಎಂಬ ಹೆಸರೂ ಇದ್ದ, ಥುಯತೈರದ ಮೆನಿಪ್ಪನ ನೆನಪಿಗೆ.” ಹದಿನೆಂಟನೆಯದು ಏನು ಅಂತ ಕಲ್ಲಿನಲ್ಲಿಲ್ಲ. ‘ಬೀದಿ’ ಅಂತ ಓದುವುದು ರೂಢಿ. ‘ಹುಡುಗ ಎಂಟನೇದರಲ್ಲಿದ್ದಾನೆ’ ಅಂದರೆ ನಮಗೆ ತರಗತಿ ಅಂತ ತಾನಾಗೇ ಗೊತ್ತಾಗುತ್ತದಲ್ಲ, ಹಾಗೆ.

ನನ್ನ ತೊಡಕು ‘ಸುನೇಥೆಯಾ’. ‘ಸುನ್’ ಅಂದರೆ ಜೊತೆ, ‘ಎಥೊಸ್’ ಅಂದರೆ ರೂಢಿ. ಮೊದಲ ಅರ್ಥ ಅಭ್ಯಾಸ, ಆಮೇಲೆ ಒಡನಾಟ, ಕೊನೆಗೆ ಒಡನಾಟ ಇರುವ ಜನರ ಗುಂಪು. ಬೇರೆ ಕಲ್ಲುಗಳಲ್ಲಿ ಇಂಥ ಕೂಟಕ್ಕೆ ‘ಸುನೆರ್ಗಸಿಯಾ’, ‘ಸುನ್‌ತೆಖ್ನಿಯಾ’ ಎಂಬ ಮಾತುಗಳಿವೆ. ಅವುಗಳಲ್ಲಿ ಕೆಲಸ, ಕಸುಬು ಎಂಬ ಅರ್ಥ ಎದ್ದು ಕಾಣುತ್ತದೆ. ಇದರಲ್ಲಿ ಮಾತ್ರ ಕಸುಬಿನ ಸುಳಿವೇ ಇಲ್ಲ, ಬರೀ ಒಡನಾಟ.

‘ಶ್ರೇಣಿ’ ನಮ್ಮ ಶಾಸನಗಳಲ್ಲೇ ಇರುವ ಮಾತು, ನಿಜ. ಆದರೆ ಇವತ್ತಿನ ಓದುಗರಿಗೆ ಶ್ರೇಣಿ ಅಂದರೆ ದರ್ಜೆ, ವೇತನಶ್ರೇಣಿ. ‘ಸಂಘ’ ಅಂದರೆ ರಸೀದಿ ಪುಸ್ತಕ, ವಾರ್ಷಿಕ ಸಭೆ ನೆನಪಾಗುತ್ತದೆ. ನಮ್ಮಲ್ಲಿ ಎಣ್ಣೆ ತೆಗೆಯುವವರ ಕೂಟಕ್ಕೆ ‘ತೆಲ್ಲಿಗರ ಐವತ್ತೊಕ್ಕಲು’ ಎಂಬ ಚೆಂದದ ಹೆಸರಿತ್ತು. ಆದರೆ ಒಕ್ಕಲು ಅಂದರೆ ಮನೆತನ. ಮೆನಿಪ್ಪ ಏಜಿಯನ್ ಕಡಲಿನ ಆಚೆ ಕಡೆಯ ಥುಯತೈರದಿಂದ ಬಂದವನು, ಅದೂ ಬಣ್ಣದ ಕೆಲಸಕ್ಕೆ ಹೆಸರಾದ ಊರು. ಅವನ ಕಲ್ಲು ನಿಲ್ಲಿಸಿದ್ದು ಹೆಂಡತಿ ಮಕ್ಕಳಲ್ಲ, ಜೊತೆಗೆ ಬಣ್ಣ ಅದ್ದಿದವರು.

ಇಲ್ಲಿ ಒಂದು ಎಚ್ಚರವೂ ಬೇಕು. ಗೋರಿಯ ಮೇಲೆ ಕಸುಬಿನ ಹೆಸರು ಇದ್ದ ಮಾತ್ರಕ್ಕೆ ಕೂಟ ಇತ್ತು ಅನ್ನಲಾಗದು. ಕ್ರಿ.ಪೂ. 400ರ ಸುಮಾರಿಗೆ ಅಥೆನ್ಸಿನ ಬಂದರಿನಲ್ಲಿ ಸತ್ತ ಸೊಸಿನೊಸ್ ಕ್ರೀಟ್ ದ್ವೀಪದ ಗೊರ್ಟಿನ್‌ನವನು, ತಾಮ್ರ ಕರಗಿಸುವವನು. ಕಸುಬು ಕಲ್ಲಿನಲ್ಲಿದೆ, ಆದರೆ ಕಲ್ಲು ನೆಟ್ಟವರು ಮಕ್ಕಳು. ಕೂಟಕ್ಕೆ ಸಾಕ್ಷಿ ಸಿಗುವುದು ಕೂಟವೇ ಕಲ್ಲು ನೆಟ್ಟಾಗ, ಇಲ್ಲವೇ ಸತ್ತವರು ಕೂಟಕ್ಕೆ ದುಡ್ಡು ಬಿಟ್ಟಾಗ.

ದುಡ್ಡು ಬಿಟ್ಟಿದ್ದಕ್ಕೆ ಒಳ್ಳೆಯ ಉದಾಹರಣೆ ಹಿಯೆರಾಪೊಲಿಸ್‌ನಲ್ಲಿದೆ, ಈಗಿನ ಟರ್ಕಿಯ ಪಮುಕ್ಕಲೆ. ಸುಮಾರು ಕ್ರಿ.ಶ. 200ರಲ್ಲಿ ಗ್ಲುಕೋನ್ ಎಂಬಾತ ನೇರಳೆ ಬಣ್ಣದವರಿಗೆ 200 ದೆನಾರಿ (ರೋಮನ್ ನಾಣ್ಯ), ಜಮಖಾನ ನೇಯುವವರಿಗೆ 150 ದೆನಾರಿ ಇಟ್ಟ. ಬಡ್ಡಿಯಲ್ಲಿ ವರ್ಷವರ್ಷ ಗೋರಿಗೆ ಹಾರ ಹಾಕಬೇಕು. ಬಣ್ಣದವರು ಹಾಕಬೇಕಾದದ್ದು ಹುಳಿಯಿಲ್ಲದ ರೊಟ್ಟಿಯ ಹಬ್ಬದಲ್ಲಿ, ಅಂದರೆ ಯೆಹೂದ್ಯರ ಹಬ್ಬ. ಈ ಹಣಕ್ಕೆ ‘ಸ್ತೆಫನೋತಿಕೊನ್’ ಅಂತ ಹೆಸರು. ನಾನು ‘ಹಾರದ ದತ್ತಿ’ ಅಂತ ಹಾಕಿದ್ದೇನೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಸುನೇಥೆಯಾಕ್ಕೆ ದಾರಿ ತೋರಿಸಿದ್ದು ನಮ್ಮಜ್ಜಿಯ ಮಾತು. ‘ಅವರ ಮನೆಗೂ ನಮಗೂ ಬಳಕೆ ಇದೆ’ ಅನ್ನೋರು. ಹೋಗಿಬರುವುದು, ಕೊಡುಕೊಳ್ಳುವುದು ಎಲ್ಲ ಅದರೊಳಗೆ. ರೂಢಿ, ಒಡನಾಟ ಎರಡೂ ಅರ್ಥ ಒಂದೇ ಮಾತಿನಲ್ಲಿ, ಗ್ರೀಕಿನಲ್ಲಿ ಇರುವ ಹಾಗೇ! ಆದರೆ ‘ಬಳಕೆ’ ಜನರ ಗುಂಪಿಗೆ ಹೊಂದುವುದಿಲ್ಲ. ಅದಕ್ಕೇ ಸದ್ಯಕ್ಕೆ ‘ನೇರಳೆ ಬಣ್ಣದವರ ಬಳಗ’ ಅಂತ ಬರೆದಿಟ್ಟಿದ್ದೇನೆ. ‘ಬಂಧುಬಳಗ’ದ ನೆರಳು ಬಿದ್ದು ನೆಂಟರು ಅನ್ನಿಸಿಬಿಡುತ್ತದಾ ಅನ್ನುವುದೊಂದೇ ಅಳುಕು.

ಎರಡು ಪ್ರಶ್ನೆ. ‘ಬಳಗ’ ಮತ್ತು ‘ಬಳಕೆ’ ಒಂದೇ ಬೇರಿನವಾ? ಮತ್ತೆ, ನಿಮ್ಮ ಕಡೆ ನೇಕಾರರೋ ಕಮ್ಮಾರರೋ ಜೊತೆಗೆ ಕೆಲಸ ಮಾಡುವವರನ್ನು ಒಟ್ಟಾಗಿ ಕರೆಯಲು ಯಾವ ಮಾತು ಬಳಸುತ್ತಾರೆ? ನೀವು ಕಿವಿಯಾರೆ ಕೇಳಿದ ಮಾತಾದರೆ ಊರಿನ ಹೆಸರನ್ನೂ ಬರೆಯಿರಿ.