ತಕರಾರು ಎಂದರೆ ಜಗಳವೋ, ಆಕ್ಷೇಪಣೆಯೋ?

ಪ್ರಶ್ನೆ: ಕಡೂರು ಕಡೆಯವಳು

ಊರಿನ ಜಮೀನಿನ ಪೌತಿ ಖಾತೆ (ತೀರಿಕೊಂಡವರ ಹೆಸರಿನಲ್ಲಿರುವ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು) ವಿಚಾರವಾಗಿ ನಮ್ಮ ಅಜ್ಜಿಯ ಹೆಸರಿಗೆ ನೋಟಿಸು ಬಂದಿದೆ. "ತಕರಾರು ಇದ್ದಲ್ಲಿ ನಿಗದಿತ ಅವಧಿಯೊಳಗೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ತಕರಾರು ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು" ಎಂದಿದೆ. ಓದಿ ಹೇಳಿದ್ದೇ ತಡ, ಅಜ್ಜಿಗೆ ಸಿಟ್ಟು ಬಂತು. "ನಾನು ಯಾರ ಮನೆ ಬಾಗಿಲಿಗೆ ಹೋಗಿ ತಕರಾರು ಮಾಡಿದ್ದೇನೆ? ನನ್ನ ಭಾಗ ಕೇಳಿದರೆ ಅದು ತಕರಾರೇ?" ಎಂದರು. ನಮ್ಮ ಮನೆಯಲ್ಲಿ ಈ ಪದಕ್ಕೆ ಇರುವುದು ಜಗಳ, ರಗಳೆ ಎಂಬ ಅರ್ಥವೇ. ಇದು ಎಲ್ಲಿಂದ ಬಂದ ಪದ? ಅರ್ಜಿಯಲ್ಲಿ ಇದನ್ನೇ ಬರೆಯಬೇಕೇ?

ಉತ್ತರ: ಪದಪ್ರಿಯ

ಇದು ಅರಬ್ಬೀ ಮೂಲದ ಪದ, ಕನ್ನಡದ್ದಲ್ಲ. "ಆಕ್ಷೇಪಣೆ" ಎಂದು ಅಚ್ಚಕನ್ನಡದಲ್ಲಿ ಬರೆಯಿರಿ.

ಉತ್ತರ: ನಿವೃತ್ತ ಶಿರಸ್ತೇದಾರ

ಮೇಲಿನವರಿಗೆ ಮೊದಲು ಹೇಳಿಬಿಡುತ್ತೇನೆ: ಆಕ್ಷೇಪಣೆ ಅಚ್ಚಕನ್ನಡವಲ್ಲ, ಸಂಸ್ಕೃತ. "ಕ್ಷಿಪ್" ಎಂದರೆ ಎಸೆಯುವುದು. ಅರಬ್ಬೀ ಬೇಡವೆಂದು ಹೊರಟರೆ ಅರ್ಜಿ, ವಕೀಲ, ಜಪ್ತಿ ಎಲ್ಲವನ್ನೂ ಕಚೇರಿಯಿಂದ ಆಚೆ ಹಾಕಬೇಕಾಗುತ್ತದೆ. ಪೌತಿ ಖಾತೆಯ "ಪೌತಿ" ಕೂಡ ಸಾವು ಎಂಬ ಅರ್ಥದ ಅರಬ್ಬೀ "ಫೌತ್".

ಈಗ ತಕರಾರಿಗೆ ಬರೋಣ. ಅರಬ್ಬಿಯ "ತಕ್ರಾರ್" ಎಂದರೆ ಪುನರಾವರ್ತನೆ, ಅಷ್ಟೇ. ಜಗಳದ ಸುಳಿವೂ ಅಲ್ಲಿಲ್ಲ. ತುರ್ಕಿ ಭಾಷೆಯಲ್ಲಿ ಇಂದಿಗೂ "ತೆಕ್ರಾರ್" ಎಂದರೆ "ಮತ್ತೊಮ್ಮೆ". ಮದರಸಾಗಳಲ್ಲಿ ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಪಾಠವನ್ನು ಮತ್ತೆ ಮತ್ತೆ ಒಪ್ಪಿಸಿಕೊಳ್ಳುವುದಕ್ಕೂ ತಕ್ರಾರ್ ಎಂದೇ ಹೆಸರು. ಹಿಂದೂಸ್ಥಾನಿಗೆ ಬಂದಾಗ ಅರ್ಥ ಜಾರಿತು: ಒಬ್ಬ ಹೇಳಿದ್ದನ್ನೇ ಹೇಳುತ್ತಾನೆ, ಇನ್ನೊಬ್ಬನೂ ಬಿಡುವುದಿಲ್ಲ, ಅಲ್ಲಿಗೆ ವಾಗ್ವಾದ. ಬಿಜಾಪುರದ ಆದಿಲಶಾಹಿ, ಮರಾಠರು, ಆಮೇಲೆ ಹೈದರ್ ಮತ್ತು ಟಿಪ್ಪು, ಇವರೆಲ್ಲರ ದಫ್ತರಗಳ ಮೂಲಕ ಇಂಥ ಅರಬ್ಬೀ, ಪಾರಸಿ ಪದಗಳು ನಮ್ಮ ಕಂದಾಯದ ಕಾಗದಕ್ಕೆ ಬಂದು ಕುಳಿತವು. ಕನ್ನಡದ ನಾಲಿಗೆ "ಕ್ರಾ" ಒತ್ತಕ್ಷರವನ್ನು ಬಿಡಿಸಿ, ಕೊನೆಗೊಂದು ಉಕಾರ ಸೇರಿಸಿ ತನ್ನದಾಗಿಸಿಕೊಂಡಿತು.

ಅರ್ಥವನ್ನು ತೀರ್ಮಾನಿಸುವುದು ಜೊತೆಯಲ್ಲಿರುವ ಕ್ರಿಯಾಪದ, ನೋಡಮ್ಮಾ. ತಕರಾರು "ಮಾಡಿದರೆ" ರಗಳೆ. "ತೆಗೆದರೆ" ಕೊಂಕು. "ಸಲ್ಲಿಸಿದರೆ" ಅದು ಹಕ್ಕು. ನಿಮ್ಮ ಅಜ್ಜಿ ಕೇಳಿಸಿಕೊಂಡಿದ್ದು ಮೊದಲನೆಯದು, ನೋಟಿಸು ಹೇಳುತ್ತಿರುವುದು ಕೊನೆಯದು. "ಅಭ್ಯಂತರ" ಎಂಬ ಸಭ್ಯ ಪದವಿದೆಯಲ್ಲ, ಅದು ಇಲ್ಲಿ ಕೆಲಸಕ್ಕೆ ಬಾರದು. "ಅಭ್ಯಂತರವಿಲ್ಲ" ಎನ್ನುತ್ತೇವೆ, "ಅಭ್ಯಂತರವೇ?" ಎಂದು ಕೇಳುತ್ತೇವೆ, ಅಭ್ಯಂತರ ಸಲ್ಲಿಸಿದವರನ್ನು ನಾನು ಕಂಡಿಲ್ಲ.

ಪದಕ್ಕಿಂತ ಮುಖ್ಯವಾದ ಮಾತೊಂದಿದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 129ನೇ ಪ್ರಕರಣದ (ಸೆಕ್ಷನ್) ಪ್ರಕಾರ ತಕರಾರನ್ನು ಬರೆದೂ ಕೊಡಬಹುದು, ಬಾಯಿಮಾತಿನಲ್ಲೂ ಹೇಳಬಹುದು. ಅದನ್ನು ತಕರಾರು ಪ್ರಕರಣಗಳ ವಹಿಯಲ್ಲಿ ದಾಖಲಿಸಿ, ಆಗಲೇ ಲಿಖಿತ ಸ್ವೀಕೃತಿ ಕೊಡುವುದು ಅಧಿಕಾರಿಯ ಕರ್ತವ್ಯ. ಆದರೂ ನನ್ನ ಮಾತು ಕೇಳಿ, ಬರೆದೇ ಕೊಡಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಿ. "ನಾಳೆ ಬನ್ನಿ" ಎಂದರೆ ಅಲ್ಲೇ ಬೆಂಚಿನ ಮೇಲೆ ಕುಳಿತುಕೊಳ್ಳಿ.

ಉತ್ತರ: ಬೆಳಗಾವಿ ಗಡಿಯಿಂದ

ನಮ್ಮ ಪಕ್ಕದ ಮರಾಠಿಯಲ್ಲಿ "ತಕ್ರಾರ್" ಎಂದರೆ ನೇರವಾಗಿ ದೂರು. ಪೊಲೀಸ್ ಠಾಣೆಯಲ್ಲಿ ದಾಖಲಿಸುವುದೂ ತಕ್ರಾರ್. ಆಕ್ಷೇಪಣೆಗೆ ಅವರು "ಹರಕತ್" ಎನ್ನುತ್ತಾರೆ. ಅದೂ ಅರಬ್ಬಿಯದೇ, ಮೂಲದಲ್ಲಿ ಚಲನೆ ಎಂದರ್ಥ. ನಮ್ಮಲ್ಲೂ ಹಿರಿಯರು "ಏನೂ ಹರಕತ್ತಿಲ್ಲ" ಎನ್ನುವುದುಂಟು.

ಪತ್ರಿಕೆಗಳ ತಮಾಷೆಯನ್ನೂ ನೋಡಿ. ನದಿ ನೀರಿನ ವಿಷಯದಲ್ಲಿ ನಾವು ಎತ್ತಿದ್ದು "ಆಕ್ಷೇಪ", ನೆರೆರಾಜ್ಯ ಎತ್ತಿದ್ದು "ಕ್ಯಾತೆ". ಆ ಕಡೆಯ ಪತ್ರಿಕೆಗಳಲ್ಲಿ ಇದು ತಿರುಗಾಮುರುಗಾ ಆಗಿರುತ್ತದೆ ಎಂದು ನನ್ನ ಗುಮಾನಿ.

ಕಡೂರು ಕಡೆಯವಳು

ಎಲ್ಲರಿಗೂ ಧನ್ಯವಾದ. ಶಿರಸ್ತೇದಾರರೇ, ಹಾಗಾದರೆ ತಲೆಬರಹದಲ್ಲಿ ಯಾವ ಪದ ಹಾಕಲಿ? ಒಳಗೆ ಏನು ಬರೆಯಲಿ?

ನಿವೃತ್ತ ಶಿರಸ್ತೇದಾರ

ನೋಟಿಸಿನಲ್ಲಿರುವ ಪದವನ್ನೇ ಹಾಕಿ, ಕಡತ ಹುಡುಕುವವರಿಗೆ ಸಲೀಸು. "ವಿಷಯ: ಪೌತಿ ಖಾತೆ ಬದಲಾವಣೆಗೆ ತಕರಾರು ಸಲ್ಲಿಸುವ ಬಗ್ಗೆ." ಅದರ ಕೆಳಗೆ ನೋಟಿಸಿನ ಸಂಖ್ಯೆ, ತಾರೀಖು, ಸರ್ವೆ ನಂಬರು. ಆಮೇಲೆ ಕಾರಣ: ವಂಶವೃಕ್ಷದಲ್ಲಿ ಅಜ್ಜಿಯ ಹೆಸರು ಬಿಟ್ಟುಹೋಗಿದೆಯೇ, ಪಾಲು ತಪ್ಪಾಗಿದೆಯೇ, ಅದಷ್ಟೇ. ದಾಯಾದಿಗಳ ಹಳೆಯ ಪುರಾಣ ಬೇಡ. ವಂಶವೃಕ್ಷದ ಪ್ರತಿಯನ್ನೂ ಪಹಣಿಯನ್ನೂ ಲಗತ್ತಿಸಿ. ಅವಧಿ ಮುಗಿಯುವ ದಿನದವರೆಗೆ ಕಾಯಬೇಡಿ.