ಎರಡನೆಯ ಮಗುವನ್ನು ಮಧುಮೇಹ ತಡೆಯುವ ಪ್ರಯೋಗಕ್ಕೆ ಸೇರಿಸಬೇಕೇ?

ಪ್ರಶ್ನೆ (ಇಬ್ಬರು ಮಕ್ಕಳ ತಾಯಿ)

ನಮಸ್ಕಾರ. ನಮ್ಮ ಮಗನಿಗೆ ಆರನೆಯ ವಯಸ್ಸಿನಲ್ಲಿ ಟೈಪ್ 1 ಮಧುಮೇಹ ಕಾಣಿಸಿಕೊಂಡಿತು. ಕಾಯಿಲೆ ಯಾವುದೆಂದು ತಿಳಿಯುವಷ್ಟರಲ್ಲಿ ಕೀಟೋಅಸಿಡೋಸಿಸ್ (ಇನ್ಸುಲಿನ್ ಕೊರತೆಯಿಂದ ರಕ್ತದಲ್ಲಿ ಆಮ್ಲ ಹೆಚ್ಚಿ ಜೀವಕ್ಕೆ ಅಪಾಯವಾಗುವ ಸ್ಥಿತಿ) ಉಲ್ಬಣಿಸಿ ಅವನು ಎರಡು ದಿನ ತೀವ್ರ ನಿಗಾ ಘಟಕದಲ್ಲಿದ್ದ. ಒಡಹುಟ್ಟಿದವರಿಗೆ ಅಪಾಯ ಹೆಚ್ಚು ಎಂದು ವೈದ್ಯರು ಹೇಳಿದ್ದರಿಂದ ಒಂಬತ್ತು ವರ್ಷದ ಮಗಳ ರಕ್ತವನ್ನೂ ಪರೀಕ್ಷೆ ಮಾಡಿಸಿದೆವು. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಮೇಲೆ ದೇಹವೇ ತಿರುಗಿಬಿದ್ದಿದೆ ಎಂಬುದನ್ನು ಸೂಚಿಸುವ ಎರಡು ಬಗೆಯ ಪ್ರತಿಕಾಯಗಳು ಅವಳಲ್ಲಿ ಕಂಡುಬಂದಿವೆ. ಸಕ್ಕರೆಯ ಪ್ರಮಾಣ ಸರಿಯಾಗಿಯೇ ಇದೆ, ಅವಳು ಆಡಿಕೊಂಡು ಓದಿಕೊಂಡು ಇದ್ದಾಳೆ.

ರೋಗ ಬರುವುದನ್ನು ತಡೆಯಬಹುದೇ ಎಂದು ನೋಡುವ ಔಷಧ ಪ್ರಯೋಗವೊಂದಕ್ಕೆ ಅವಳನ್ನು ಸೇರಿಸಬಹುದಂತೆ. ಯಾರಿಗೆ ಔಷಧ, ಯಾರಿಗೆ ಹುಸಿಮದ್ದು ಎಂಬುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆಯಂತೆ. "ಚೆನ್ನಾಗಿರುವ ಮಗುವಿಗೆ ಇಲ್ಲದ ಕಾಯಿಲೆಯ ಮದ್ದು ಏಕೆ?" ಎಂದು ನಮ್ಮ ಯಜಮಾನರು ಕೇಳುತ್ತಾರೆ. ನನಗೆ ಮಗನ ಆ ಎರಡು ದಿನಗಳು ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. ಇಂಥ ತೀರ್ಮಾನವನ್ನು ನೀವು ಹೇಗೆ ಮಾಡಿದಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಇಂಥ ಪ್ರಯೋಗಗಳಲ್ಲಿ ಕೆಲಸ ಮಾಡಿದ ಶುಶ್ರೂಷಕಿ)

ನಿಮ್ಮ ಯಜಮಾನರ ಪ್ರಶ್ನೆ ನ್ಯಾಯವಾದದ್ದೇ, ಆದರೆ "ಇಲ್ಲದ ಕಾಯಿಲೆ" ಎಂಬ ಮಾತನ್ನು ತಿದ್ದಬೇಕಾಗುತ್ತದೆ. 2015ರಿಂದ ತಜ್ಞರು ಈ ರೋಗವನ್ನು ಮೂರು ಹಂತಗಳಾಗಿ ನೋಡುತ್ತಾರೆ: ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯಗಳಿದ್ದು ಸಕ್ಕರೆ ಸರಿಯಾಗಿದ್ದರೆ ಮೊದಲನೆಯದು, ಸಕ್ಕರೆ ಏರುಪೇರಾಗತೊಡಗಿದರೆ ಎರಡನೆಯದು, ನಾವು ಸಾಮಾನ್ಯವಾಗಿ ಮಧುಮೇಹ ಎಂದು ಕರೆಯುವುದು ಮೂರನೆಯದು. 13,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲವು ಬಗೆಯ ಪ್ರತಿಕಾಯಗಳಿದ್ದ ಮಕ್ಕಳ ಪೈಕಿ ಸುಮಾರು ಶೇ. 70ರಷ್ಟು ಮಂದಿಗೆ ಪ್ರತಿಕಾಯ ಕಂಡುಬಂದ 10 ವರ್ಷಗಳೊಳಗೆ ಮಧುಮೇಹ ಬಂದಿತ್ತು. ಒಂದೇ ಬಗೆಯದು ಇದ್ದವರಲ್ಲಿ ಆ ಪ್ರಮಾಣ ಶೇ. 15ರ ಆಸುಪಾಸು. ವ್ಯತ್ಯಾಸ ಇಷ್ಟು ದೊಡ್ಡದಾಗಿರುವುದರಿಂದ, ಮತ್ತೊಮ್ಮೆ ರಕ್ತ ಕೊಟ್ಟು ಫಲಿತಾಂಶವನ್ನು ದೃಢಪಡಿಸಿಕೊಳ್ಳುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಪ್ರಯೋಗದಿಂದ ಏನನ್ನು ನಿರೀಕ್ಷಿಸಬಹುದು ಎಂಬ ವಿಷಯದಲ್ಲಿ ಹಿಂದಿನ ಚರಿತ್ರೆಯನ್ನು ಮುಚ್ಚಿಡಬಾರದು. ಚುಚ್ಚುಮದ್ದಿನ ರೂಪದ ಇನ್ಸುಲಿನ್ ರೋಗವನ್ನು ತಡೆಯಲಿಲ್ಲ ಎಂದು 2002ರಲ್ಲಿ ಗೊತ್ತಾಯಿತು. ನಿಕೋಟಿನಮೈಡ್ ಎಂಬ ಜೀವಸತ್ವವೂ 2004ರಲ್ಲಿ ಸೋತಿತು. ಶಿಶುಗಳಿಗೆ ವಿಶೇಷ ಬಗೆಯ ಹಾಲಿನ ಪುಡಿ ಕೊಟ್ಟು ನೋಡಿದ, 15 ದೇಶಗಳ 2,159 ಮಕ್ಕಳಿದ್ದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂದಾಗಲೂ ರೋಗದ ಪ್ರಮಾಣ ಇಳಿದಿರಲಿಲ್ಲ. ಆಮೇಲೆ 2019ರಲ್ಲಿ ಟೆಪ್ಲಿಜುಮ್ಯಾಬ್ ಬಂದಿತು. ಎರಡನೆಯ ಹಂತದಲ್ಲಿದ್ದ 76 ಮಂದಿಯ ಪ್ರಯೋಗದಲ್ಲಿ, 14 ದಿನ ರಕ್ತನಾಳದ ಮೂಲಕ ಕೊಟ್ಟ ಆ ಔಷಧವು ರೋಗ ಪ್ರಕಟವಾಗುವುದನ್ನು ಸರಾಸರಿ ಎರಡು ವರ್ಷ ಮುಂದೂಡಿತು. ಅಮೆರಿಕದ ಔಷಧ ನಿಯಂತ್ರಕರು 2022ರಲ್ಲಿ ಅದಕ್ಕೆ ಅನುಮತಿ ಕೊಟ್ಟರು. ಇದು ಮುಂದೂಡಿಕೆಯೇ ಹೊರತು ಪಾರಾಗುವಿಕೆ ಎನ್ನಲಾಗದು. ಆದರೂ ಇನ್ಸುಲಿನ್ ಇಲ್ಲದ ಎರಡು ವರ್ಷ ಒಂದು ಮಗುವಿನ ಬಾಲ್ಯದಲ್ಲಿ ಎಷ್ಟೆಂಬುದನ್ನು ಮಗನ ಆರೈಕೆ ಮಾಡುತ್ತಿರುವ ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಮಗಳು ಮೊದಲನೆಯ ಹಂತದಲ್ಲಿರುವುದರಿಂದ ಈ ಅನುಮತಿ ಅವಳಿಗೆ ಸದ್ಯಕ್ಕೆ ಅನ್ವಯಿಸುವುದಿಲ್ಲ.

ಉತ್ತರ (ಪ್ರಯೋಗಕ್ಕೆ ಸೇರಿಸಿದ್ದ ತಂದೆ)

ನಾವು ಸೇರಿಸಿದೆವು, ಒಂದೂವರೆ ವರ್ಷದ ನಂತರ ಮಗನನ್ನು ಹೊರತಂದೆವು. ಸಹಿ ಹಾಕುವಾಗ ನಾನೂ ನನ್ನ ಹೆಂಡತಿಯೂ ಔಷಧದ ಅಡ್ಡಪರಿಣಾಮಗಳ ಬಗ್ಗೆಯೇ ಗಂಟೆಗಟ್ಟಲೆ ಕೇಳಿದೆವು. ನಮ್ಮನ್ನು ದಣಿಸಿದ್ದು ಬೇರೆಯೇ ಆಗಿತ್ತು. ಗ್ಲೂಕೋಸ್ ಕುಡಿಸಿ ಹಲವು ಬಾರಿ ರಕ್ತ ತೆಗೆಯುವ ಪರೀಕ್ಷೆ, ಅದಕ್ಕಾಗಿ ತಪ್ಪುವ ಶಾಲೆ, ಪ್ರತಿ ಫಲಿತಾಂಶಕ್ಕೂ ಮುಂಚಿನ ವಾರದ ನಿದ್ದೆಗೇಡು, ಇವೆಲ್ಲ ಒಪ್ಪಿಗೆ ಪತ್ರದಲ್ಲಿ ಒಂದೆರಡು ಸಾಲುಗಳಷ್ಟೇ ಇದ್ದವು. ಹನ್ನೆರಡು ವರ್ಷದ ಮಗ ಮೊದಲ ದಿನ ತಲೆಯಾಡಿಸಿದ್ದನ್ನು ನಾವು ಒಪ್ಪಿಗೆ ಎಂದುಕೊಂಡೆವು. ಅಕ್ಕನಿಗೆ ಮಧುಮೇಹವಿರುವಾಗ ತಾನು ಬೇಡವೆಂದರೆ ತಪ್ಪಾಗುತ್ತದೆ ಎಂದುಕೊಂಡಿದ್ದೆ ಎಂದು ಅವನು ಬಹಳ ತಡವಾಗಿ ಬಾಯಿಬಿಟ್ಟ. ಯಾವಾಗ ಬೇಕಾದರೂ ಹೊರಬರುವ ಹಕ್ಕು ಇದ್ದದ್ದರಿಂದ ಹೊರಬಂದೆವು, ಯಾರೂ ಒತ್ತಾಯಿಸಲಿಲ್ಲ. ಆದ್ದರಿಂದ ದಯವಿಟ್ಟು ಮಗಳನ್ನು ಕೇಳಿ; ಅಣ್ಣ ಎದುರಿಗಿಲ್ಲದಾಗ ಕೇಳಿ.

ಉತ್ತರ (ಬೇಡವೆಂದ ತಾಯಿ)

ನಾವು ಔಷಧ ಬೇಡವೆಂದು, ನಿಯಮಿತ ತಪಾಸಣೆಗೆ ಮಾತ್ರ ಒಪ್ಪಿದೆವು. ನಾಲ್ಕು ವರ್ಷದ ಮೇಲೆ ಮಗಳ ಸಕ್ಕರೆ ಏರಿದಾಗ ಅದು ತಪಾಸಣೆಯಲ್ಲಿಯೇ ಗೊತ್ತಾಯಿತು. ಅವಳು ತುರ್ತು ವಿಭಾಗವನ್ನು ನೋಡದೆ ಇನ್ಸುಲಿನ್ ಆರಂಭಿಸಿದಳು. ಪ್ರಯೋಗಕ್ಕೆ ಸೇರಿಸಿದ್ದರೆ ಏನಾಗುತ್ತಿತ್ತೋ ಎಂಬ ಪ್ರಶ್ನೆ ಈಗಲೂ ಬರುತ್ತದೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಪ್ರಶ್ನೆ ಕೇಳಿದ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಯಜಮಾನರೂ ಓದಿದರು. ನಾವಿಬ್ಬರೂ ಎರಡು ಬೇರೆ ಭಯಗಳ ಬಗ್ಗೆ ಜಗಳವಾಡುತ್ತಿದ್ದೆವು ಎಂದು ಈಗ ಅನ್ನಿಸುತ್ತಿದೆ: ನನ್ನದು ಕೀಟೋಅಸಿಡೋಸಿಸ್, ಅವರದು ಔಷಧ. ತಪಾಸಣೆಗೆ ಅವರ ವಿರೋಧವಿಲ್ಲ. ತಪಾಸಣೆಯನ್ನು ಮೊದಲು ಆರಂಭಿಸಿ, ಔಷಧದ ಮಾತನ್ನು ಆಮೇಲೆ ಯೋಚಿಸಿದರೆ ಮಗಳ ಅವಕಾಶ ತಪ್ಪಿಹೋಗುತ್ತದೆಯೇ?

ಉತ್ತರ (ಶುಶ್ರೂಷಕಿ)

ತಪಾಸಣೆಯಿಂದ ಅವಕಾಶ ತಪ್ಪುವುದಿಲ್ಲ. ಯಾವ ಹಂತದಲ್ಲಿದ್ದಾಳೆ ಎಂಬುದು ಗೊತ್ತಿದ್ದರೆ ತಾನೇ ಯಾವುದಕ್ಕೆ ಸೇರಬಹುದೆಂದು ತಿಳಿಯುವುದು. ಆದರೆ ಪ್ರತಿಯೊಂದು ಪ್ರಯೋಗಕ್ಕೂ ಸೇರ್ಪಡೆಯ ಕೊನೆಯ ದಿನ ಇರುತ್ತದೆ, ಅದನ್ನು ಕೇಳಿಕೊಳ್ಳಿ. ಇನ್ನೊಂದನ್ನೂ ಕೇಳಿ: ಒಂದು ಪ್ರಾಯೋಗಿಕ ಔಷಧವನ್ನು ತೆಗೆದುಕೊಂಡವರನ್ನು ಮುಂದೆ ಬೇರೆ ಪ್ರಯೋಗಕ್ಕೆ ಸೇರಿಸಿಕೊಳ್ಳದಿರುವುದುಂಟು. ಈ ಪ್ರಯೋಗಕ್ಕೆ ಸೇರಿದರೆ ಮಗಳಿಗೆ ಮುಂದೆ ಯಾವ ಬಾಗಿಲು ಮುಚ್ಚುತ್ತದೆ ಎಂಬುದನ್ನು ವೈದ್ಯರಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ.